ಮುಗಿದ ಕಾರ್ಡುಗಳನ್ನು ಅಳಿಸುವ ವಿಧಾನ

ನಾನು ಬರೆಯುವುದನ್ನು ಈಗ ಮನುಷ್ಯರು ಓದುವುದಿಲ್ಲ. ಮೊದಲು ಮಹಾ ಓದುತ್ತಿದ್ದರು ಅಂತಲ್ಲ. ಹೂಟಗಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ನನ್ನದು ಕೈಪಿಡಿ ಬರೆಯುವ ಕೆಲಸ. ಯಾವ ಗುಂಡಿ ಒತ್ತಿದರೆ ಏನಾಗುತ್ತದೆ ಎಂದು ಹದಿನಾಲ್ಕು ವರ್ಷ ಬರೆದೆ. ಜನ ಮೊದಲು ಗುಂಡಿ ಒತ್ತಿ, ಎಡವಟ್ಟಾದ ಮೇಲೆ ಫೋನ್ ಮಾಡಿ ಬೈಯುತ್ತಿದ್ದರು. ಈಗ ನನಗೆ ಬೇರೆ ಓದುಗ ಸಿಕ್ಕಿದ್ದಾನೆ. ಏಜೆಂಟ್ ಎನ್ನುತ್ತಾರೆ, ನಮ್ಮ ಬದಲು ತಾನೇ ನೋಡಿ ತಾನೇ ಕೆಲಸ ಮಾಡುವ ಎಐ. ಅದು ನಾನು ಬರೆದ ಒಂದೊಂದು ಅಕ್ಷರವನ್ನೂ ಓದುತ್ತದೆ, ಓದಿದ್ದನ್ನು ಹಾಗೇ ಮಾಡುತ್ತದೆ. ಇಂಥ ಓದುಗ ಹಗೆಯವರಿಗೂ ಬೇಡ.

ಯಾರು ಯಾವ ಕೆಲಸ ಮಾಡುತ್ತಿದ್ದಾರೆ, ಅದು ಎಲ್ಲಿಗೆ ಬಂತು ಎಂದು ಕಚೇರಿಗಳು ನೋಡಿಕೊಳ್ಳುವುದಕ್ಕೆ ನಮ್ಮ ಸಾಫ್ಟ್‌ವೇರ್ ಇರುವುದು. ಒಂದೊಂದು ಕೆಲಸಕ್ಕೆ ಪರದೆಯ ಮೇಲೆ ಒಂದೊಂದು ಕಾರ್ಡು. ನಾವೂ ಅದನ್ನೇ ಬಳಸುತ್ತೇವೆ. ಹಳೆಯ ಕಾರ್ಡುಗಳು ಬೆಟ್ಟದಷ್ಟು ಸೇರಿದ್ದರಿಂದ, ನೂರಾರನ್ನು ಒಂದೇ ಸಲಕ್ಕೆ ಅಳಿಸುವ ಸಲಕರಣೆಯೊಂದನ್ನು ಏಜೆಂಟಿಗಾಗಿ ಮಾಡಿದರು. ಅದನ್ನು ಯಾವಾಗ ಬಳಸಬೇಕು ಎಂದು ಏಜೆಂಟಿಗೆ ತಿಳಿಸುವ ಪುಟ ನನ್ನ ಪಾಲಿಗೆ ಬಂತು. ಮ್ಯಾನೇಜರು ಎಂಟು ಸಲ ತಿದ್ದಿಸಿದರು. ಉದ್ದವಾಯಿತು, ಎಚ್ಚರಿಕೆ ಜಾಸ್ತಿಯಾಯಿತು, ಏಜೆಂಟ್ ಪ್ರತಿಯೊಂದಕ್ಕೂ ನಿಂತು ಕೇಳಿದರೆ ಅದು ಯಾಕೆ ಬೇಕು ಅಂದರು. ಒಂಬತ್ತನೆಯ ಸಲಕ್ಕೆ ನನಗೆ ಸಾಕುಸಾಕಾಗಿತ್ತು. ‘ಮುಗಿದಿದೆ ಎಂದು ಗುರುತು ಹಾಕಿದ ಕಾರ್ಡುಗಳನ್ನು ಯಾರನ್ನೂ ಕೇಳದೆ ಅಳಿಸಬಹುದು. ಅಳಿಸಿದ್ದು ಮರಳಿ ಬರುವುದಿಲ್ಲ’ ಎಂದು ಎರಡೇ ಸಾಲು ಬರೆದು ಕಳಿಸಿದೆ. ಅವರಿಗೆ ಬಹಳ ಹಿಡಿಸಿತು.

ನನ್ನ ಪಕ್ಕದ ಮೇಜಿನವಳು ಟೆಸ್ಟಿಂಗ್ ಮಾಡುತ್ತಿದ್ದಳು, ಅಂದರೆ ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದು. ಬನ್ನಿಮಂಟಪದಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದಳು. ಮಧ್ಯಾಹ್ನ ನನ್ನ ಡಬ್ಬಿಯ ಅರ್ಧ ಅವಳಿಗೆ, ಅವಳದರ ಅರ್ಧ ನನಗೆ. ಅವಳದು ಗುತ್ತಿಗೆಯ ನೌಕರಿ, ದಸರಾ ಕಳೆದು ಒಂದು ತಿಂಗಳಿಗೆ ಮುಗಿಯುವುದಿತ್ತು. ಆರು ತಿಂಗಳ ಕೆಲಸ ತೋರಿಸು, ನೋಡಿ ಮುಂದುವರಿಸೋಣ ಎಂದಿದ್ದರು ಮ್ಯಾನೇಜರು. ಆ ಕೆಲಸವೆಲ್ಲ ಇದ್ದದ್ದು ಅವಳ ನಲವತ್ತು ಕಾರ್ಡುಗಳಲ್ಲಿ. ತಪ್ಪು ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು ಎಂದು ಒಂದೊಂದರಲ್ಲೂ ಬರೆದಿಟ್ಟಿದ್ದಳು. ಗ್ರಾಹಕರು ಒಪ್ಪುವ ತನಕ ಅವು ತೆರೆದೇ ಇರಬೇಕಿತ್ತು.

ಇಲ್ಲಿ ನಮ್ಮಪ್ಪನ ವಿಷಯ ಹೇಳಬೇಕು. ಅವರು ಇದೇ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಲೇತ್ ಓಡಿಸುತ್ತಿದ್ದರು. ಆಯುಧಪೂಜೆಯ ಹಿಂದಿನ ಸಂಜೆ, ಅರ್ಧ ಕಡೆದ ಕಬ್ಬಿಣವನ್ನು ಯಂತ್ರದಿಂದ ಬಿಚ್ಚಿ ಪಕ್ಕಕ್ಕಿಟ್ಟು ಬರುತ್ತಿದ್ದರು. ಕೆಲಸ ಕಚ್ಚಿಕೊಂಡಿರುವ ಯಂತ್ರಕ್ಕೆ ಕುಂಕುಮ ಇಡಬಾರದು, ಅದಕ್ಕೂ ಒಂದು ದಿನ ಬಾಯಿ ಖಾಲಿ ಇರಲಿ ಎನ್ನುವುದು ಅವರ ಮಾತು. ಕಚೇರಿಗೆ ಸೇರಿದ ಹೊಸತರಲ್ಲಿ ನಾನು ಇದನ್ನು ಹೇಳಿದಾಗ, ಕಂಪ್ಯೂಟರಿಗೆ ಬಾಯಿ ಎಲ್ಲಿದೆ ಎಂದು ಎಲ್ಲರೂ ನಕ್ಕರು. ಆದರೆ ಮರುವರ್ಷದಿಂದ ಅದೇ ಪದ್ಧತಿಯಾಯಿತು. ಪೂಜೆಯ ಹಿಂದಿನ ಸಂಜೆ ತೆರೆದಿರುವ ಕಾರ್ಡುಗಳಿಗೆಲ್ಲ ಮುಗಿದಿದೆ ಎಂದು ಗುರುತು ಹಾಕುವುದು, ರಜೆ ಕಳೆದು ಬಂದ ಬೆಳಿಗ್ಗೆ ಮತ್ತೆ ತೆರೆಯುವುದು. ಮ್ಯಾನೇಜರು ಬಂದು ಆರು ತಿಂಗಳಷ್ಟೇ ಆಗಿದ್ದರಿಂದ ಅವರಿಗೆ ಇದು ಗೊತ್ತಿರಲಿಲ್ಲ.

ಗೊತ್ತಿದ್ದವಳು ನಾನು. ರಜೆಯಲ್ಲಿ ಏಜೆಂಟನ್ನು ಒಂದು ಸಲ ಓಡಿಸಿ ನೋಡೋಣ, ಯಾರಿಗೂ ತೊಂದರೆಯಿಲ್ಲ ಎಂದು ಅವರು ಅಂದಾಗ ಎದುರಿಗೇ ಕೂತು, ಎರಡನ್ನೂ ಕೂಡಿಸಿ ನೋಡದೆ, ತಲೆಯಾಡಿಸಿದ್ದೆ. ಪೂಜೆಯ ಹಿಂದಿನ ಸಂಜೆ ನಾವೆಲ್ಲ ಕೀಬೋರ್ಡ್ ಒರೆಸಿ, ಹೂವು ಮುಡಿಸಿ, ಕಾರ್ಡು ಮುಚ್ಚಿದೆವು. ರಂಗೋಲಿ ಹಾಕುತ್ತಾ ಕೂತಿದ್ದ ಅವಳಿಗೆ, ಕಾರ್ಡು ಮುಚ್ಚಿದೆಯೇನೇ ಎಂದು ನೆನಪಿಸಿದವಳೂ ನಾನೇ. ಕೈ ತೊಳೆದುಕೊಂಡು ಹೋಗಿ ಮುಚ್ಚಿದಳು.

ರಜೆ ಕಳೆದು ಬಂದಾಗ ಪರದೆ ಗುಡಿಸಿ ಸಾರಿಸಿದ ಅಂಗಳದಂತಿತ್ತು. ಉಳಿದವರಿಗೆ ಅಂಥ ನಷ್ಟವೇನಿಲ್ಲ, ಅವರ ಕೆಲಸ ಬೇರೆ ಕಡೆಯೂ ಇತ್ತು. ಅವಳದು ಮಾತ್ರ ಅಲ್ಲೇ ಇದ್ದದ್ದು, ಅಲ್ಲೇ ಹೋಯಿತು.

ಮೀಟಿಂಗಿನಲ್ಲಿ ಮ್ಯಾನೇಜರು, ಏಜೆಂಟ್ ಪುಟದಲ್ಲಿ ಬರೆದಂತೆಯೇ ನಡೆದಿದೆ, ಮುಗಿಯದ ಕೆಲಸಕ್ಕೆ ಮುಗಿದಿದೆ ಎಂದು ಗುರುತು ಹಾಕಿದವರು ಯಾರು ಎಂದು ಕೇಳಿದರು. ಎಲ್ಲರೂ ಮೇಜು ನೋಡಿದರು. ಅವಳು, “ನಾನ್ ಹಾಕಿದ್ದೆ ಸರ್, ಹಬ್ಬಕ್ಕೆ ಅಂತ” ಎಂದಳು. ಅವರು ಏನೋ ಬರೆದುಕೊಂಡರು. ಪದ್ಧತಿ ನನ್ನದು, ಪುಟ ನನ್ನದು, ನೆನಪಿಸಿದ ಬಾಯಿಯೂ ನನ್ನದು ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಸುಸ್ತಾಗಿತ್ತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಸುಸ್ತಲ್ಲ, ಹೆದರಿಕೆ. ಐವತ್ತೆರಡರ ಹೆಂಗಸಿಗೆ ಇನ್ನೊಂದು ಕಡೆ ಕೈಪಿಡಿ ಬರೆಯುವ ಕೆಲಸ ಯಾರು ಕೊಡುತ್ತಾರೆ?

ಆ ವಾರವೆಲ್ಲ ಅವಳು ನೆನಪಿನಿಂದ ಕಾರ್ಡುಗಳನ್ನು ಮತ್ತೆ ಬರೆಯಲು ನೋಡಿದಳು. ಹನ್ನೊಂದಾಯಿತು, ಮುಂದಕ್ಕೆ ಹೋಗಲಿಲ್ಲ. ನಾಲ್ಕನೆಯ ದಿನ ನಾನು ಮ್ಯಾನೇಜರಿಗೆ ಎಲ್ಲವನ್ನೂ ಒಪ್ಪಿಕೊಂಡು ಉದ್ದದ ಮೇಲ್ ಬರೆದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ತಿಳಿಸಿದ್ದಕ್ಕೆ ವಂದನೆ, ದಯವಿಟ್ಟು ಪುಟ ತಿದ್ದಿ ಎಂದು ಒಂದು ಸಾಲಿನ ಉತ್ತರ ಬಂತು. ಗುತ್ತಿಗೆಯನ್ನು ಮುಂದುವರಿಸಲಿಲ್ಲ.

ಕೊನೆಯ ದಿನ ಬಸ್ ಸ್ಟಾಪಿನ ತನಕ ಜೊತೆಗೆ ಹೋದೆ. ಮೇಲ್ ಬರೆದ ವಿಷಯ ಹೇಳಿದೆ. ಅವಳು ನನ್ನ ಡಬ್ಬಿಯನ್ನು ತೊಳೆದು ತಂದಿದ್ದಳು, ಅದನ್ನು ಕೈಗಿತ್ತು, “ಮೀಟಿಂಗಲ್ಲೇ ಒಂದ್ ಮಾತ್ ಹೇಳ್ಬುಟ್ಟಿದ್ರೆ ಆಗೋದಲ್ವಾ ಅಕ್ಕ?” ಎಂದಳು. ಸಿಟ್ಟಿನಿಂದ ಕೇಳಲಿಲ್ಲ. ಬಸ್ಸು ಬಂತು, ಹತ್ತಿದಳು.

ಪುಟ ತಿದ್ದಿದೆ. ‘ಮುಗಿದಿದೆ ಎಂದಿದ್ದರೂ ಆ ಕೆಲಸ ಮಾಡಿದವರನ್ನು ಕೇಳದೆ ಅಳಿಸಬೇಡ. ಅವರು ಇಲ್ಲದಿದ್ದರೆ ನನ್ನನ್ನು ಕೇಳು’ ಎಂದು ಬರೆದೆ. ಈ ಸಲ ಯಾರೂ ತಿದ್ದಿಸಲಿಲ್ಲ.

ಅವಳ ಹಳೆಯ ನಲವತ್ತರಲ್ಲಿ ಒಂದೇ ಒಂದು ಕಾರ್ಡು ಉಳಿದಿದೆ. ಆ ಸಂಜೆಯ ಗಡಿಬಿಡಿಯಲ್ಲಿ ಅದೊಂದನ್ನು ಮುಚ್ಚಲು ಮರೆತಿದ್ದಳು. ಅವಳು ಹೋದ ಮೇಲೆ ಕಚೇರಿಯೇ ಅದಕ್ಕೆ ಮುಗಿದಿದೆ ಎಂದು ಗುರುತು ಹಾಕಿತು. ಅದರಲ್ಲಿ ಎರಡು ಸಾಲಿದೆ: ‘ದಿನಾಂಕ ಬದಲಾಯಿಸಿದರೆ ಹೆಸರು ಮಾಯವಾಗುತ್ತೆ. ಅಕ್ಕನಿಗೆ ತೋರಿಸಬೇಕು.’

ಪ್ರತಿ ಸೋಮವಾರ ಬೆಳಿಗ್ಗೆ ಏಜೆಂಟ್ ನನ್ನನ್ನು ಕೇಳುತ್ತದೆ, ಈ ಕಾರ್ಡಿನವರು ಈಗ ಇಲ್ಲಿಲ್ಲ, ಅಳಿಸಬಹುದೇ ಎಂದು. ಬೇಡ ಎನ್ನುತ್ತೇನೆ. ಯಾಕೆ ಎಂದು ಅದು ಕೇಳುವುದಿಲ್ಲ. ಅದನ್ನು ಕೇಳು ಎಂದು ನಾನು ಬರೆದಿಲ್ಲ.