ಮೊದಲ ದಿನ ಕೊಟ್ಟ ಪೊರಕೆ

ಹಾರೋಹಳ್ಳಿಯ ಕಾರ್ಖಾನೆಯಲ್ಲಿ ಮೊದಲ ದಿನ ನನ್ನ ಕೈಗೆ ಕೊಟ್ಟದ್ದು ಪೊರಕೆ. ಬ್ಯಾಗಿನಲ್ಲಿ ಐಟಿಐ ಟರ್ನರ್ ಸರ್ಟಿಫಿಕೇಟ್ ಇತ್ತು. ಎಲ್ಲಿ ಮಡಚಿಹೋಗುತ್ತದೋ ಎಂದು ರಾಯಚೂರಿನಿಂದ ಇಲ್ಲಿಯವರೆಗೂ ತೊಡೆಯ ಮೇಲಿಟ್ಟುಕೊಂಡೇ ಬಂದಿದ್ದೆ. "ಮಷೀನ್ ಕೆಳಗಿನ ಚೂರೆಲ್ಲ ಗುಡಿಸ್ಬುಡವ್ವ" ಎಂದರು ಸೂಪರ್‌ವೈಸರ್. ಹೊಸಬರಿಗೆ ಇಲ್ಲಿನ ರೂಢಿಯೇ ಹೀಗಿರಬೇಕು ಎಂದುಕೊಂಡು ಗುಡಿಸಿದೆ. ನಮ್ಮ ಕಡೆಯವರೇ, ನೀವಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ.

ಏನೇ ಆದರೂ ನನ್ನ ಬಳಿ ಒಂದೇ ಉತ್ತರ: ನಾನು ಹೊರಗಿನವಳು. ಬಾಡಿಗೆಗೆ ಕೋಣೆ ಕೇಳಿದಾಗ ಮನೆ ಮಾಲೀಕರು "ನಿಮ್ ಯಜಮಾನ್ರು ಯಾವಾಗ ಬತ್ತಾರೆ?" ಎಂದು ಮೂರು ಸಲ ಕೇಳಿ, ಇಲ್ಲವೆಂದು ಖಾತ್ರಿಯಾದ ಮೇಲೆ ಹಿತ್ತಲಿನ ಶೀಟಿನ ಕೋಣೆ ಕೊಟ್ಟರು. ಕ್ಯಾಂಟೀನಿನಲ್ಲಿ ಮುದ್ದೆಯನ್ನು ಜೋಳದ ರೊಟ್ಟಿಯ ಹಾಗೆ ಅಗಿಯುತ್ತಾ ಕೂತೆ. ಪಕ್ಕದಲ್ಲಿದ್ದ ಸಾವಿತ್ರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ, ಅಗೀಬ್ಯಾಡ ಕಣವ್ವ! ಸಾರ್ನಾಗೆ ಅದ್ದಿ ನುಂಗ್ಬುಡು." ಕನಕಪುರದಾಚೆಯ ಕೋಡಿಹಳ್ಳಿ ಅವರದು. ಹಸು ಕರೆದು, ಡೈರಿಗೆ ಹಾಲು ಹಾಕಿ, ಬಸ್ಸು ಹಿಡಿದು ಬರುತ್ತಿದ್ದರು. ನಾನು 'ಹೌದ್ರಿ' ಅಂದರೂ ಅವರಿಗೆ ನಗು. ಒಸಿ ಎಂದರೆ ಸ್ವಲ್ಪ ಎಂದು ಹೇಳಿಕೊಟ್ಟವರೂ ಅವರೇ.

ನಮ್ಮ ಕೆಲಸ ಹೀಗೆ: ಪಾಳಿ ಶುರುವಾಗುವಾಗ ಕಬ್ಬಿಣ ಕಡೆಯುವ ಮಷೀನಿಗೆ ಟೂಲ್ ಕೂರಿಸಿ, ಅಳತೆ ಸರಿಮಾಡಿ, ಮೊದಲ ತುಂಡು ತೆಗೆಯಬೇಕು. ಅದಕ್ಕೆ ಫಸ್ಟ್ ಪೀಸ್ ಎನ್ನುತ್ತಾರೆ. ಅದಕ್ಕೊಂದು ಚೀಟಿ ಕಟ್ಟಿ ಸೆಟ್ಟರ್ ಎಂಬುವವನು ಸಹಿ ಹಾಕಿದ ಮೇಲೆಯೇ ದಿನದ ಕೆಲಸ. ಏಳನೇ ಮಷೀನನ್ನು ಸೆಟ್ ಮಾಡುತ್ತಿದ್ದವಳು ನಾನು, ಎಂಟನೆಯದನ್ನು ಸಾವಿತ್ರಮ್ಮ. ಸೆಟ್ಟರ್ ಜಾಗ ಖಾಲಿಯಿತ್ತು, ಸೂಪರ್‌ವೈಸರ್ ಸಹಿ ಹಾಕುತ್ತಿದ್ದರು. ಲೆಕ್ಕದಲ್ಲಿ ನಾವಿಬ್ಬರೂ ಬರೀ ಹೆಲ್ಪರ್. ಆ ಜಾಗ ನನಗೆ ಬರುತ್ತದೆ ಎಂದು ಕಾಯುತ್ತಿದ್ದೆ.

ಎರಡನೇ ವರ್ಷ ನಾಗರಾಜ ಕೆಲಸಕ್ಕೆ ಸೇರಿದ. ಕನಕಪುರದವನು, ಒಳ್ಳೆಯವನೇ. "ಅಕ್ಕ, ಒಸಿ ತೋರ್ಸಕ್ಕ" ಎನ್ನುತ್ತಿದ್ದ. ತೋರಿಸಿದೆವು. ಐದು ತಿಂಗಳಿಗೆ ನೋಟಿಸ್ ಬೋರ್ಡಿನಲ್ಲಿ ಸೆಟ್ಟರ್ ಎಂದು ಅವನ ಹೆಸರು ಬಂತು. ಓದಿದೆ. ಏನೂ ಅನ್ನಿಸಲಿಲ್ಲ. ಹೋಗಿ ಊಟ ಮಾಡಿದೆ. ಅವನು ಇಲ್ಲಿಯವನು, ಅದಕ್ಕೇ ಕೊಟ್ಟರು. ನಾನೂ ಇಲ್ಲಿಯವಳಾದರೆ ಕೊಡುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಅವತ್ತಿನಿಂದ ನಾನೂ 'ಐತೆ', 'ಬತ್ತೀನಿ' ಎನ್ನತೊಡಗಿದೆ.

ಒಂದು ದಿನ ನಾನು ತೆಗೆದ ತುಂಡಿಗೆ ನಾಗರಾಜ ಸಹಿ ಹಾಕುತ್ತಿದ್ದಾಗ ಸಾವಿತ್ರಮ್ಮನನ್ನು ಕೇಳಿದೆ: "ನೀವು ಇದೇ ಸೀಮೆಯವರಲ್ವಾ, ನಿಮಗ್ಯಾಕೆ ಕೊಡಲಿಲ್ಲ?"

"ಎಂಟು ವರ್ಸ ಆಯ್ತು. ಕೇಳಿದ್ಕೆ, ಹೆಂಗಸ್ರು ಮದ್ವೆ, ಮಗು ಅಂತ ಓಯ್ತಾರೆ ಅಂದ್ರು. ನನ್ ಮಗ ಕಾಲೇಜ್ಗೆ ಓಯ್ತಾವ್ನೆ. ಇನ್ಯಾವ್ ಮಗು?" ಎನ್ನುತ್ತಾ ಪೊರಕೆ ಎತ್ತಿಕೊಂಡರು.

ಆಗ ಆ ಪೊರಕೆ ನನ್ನ ಕಣ್ಣಿಗೆ ಬಿತ್ತು. ನಾಗರಾಜನ ಕೈಗೆ ಮೊದಲ ದಿನವೂ ಅದನ್ನು ಕೊಟ್ಟಿರಲಿಲ್ಲ. ಅದು ಹೊಸಬರ ರೂಢಿಯಾಗಿರಲಿಲ್ಲ, ಹೆಂಗಸರ ಪಾಲಿನ ರೂಢಿ. ಎರಡು ವರ್ಷ ಊರನ್ನು ದೂರಿಕೊಂಡು ಕೂತಿದ್ದೆನಲ್ಲ, ಥೂ ನನ್ನ ಬುದ್ಧಿಗೆ.

ಮಾರನೆಯ ಬೆಳಿಗ್ಗೆ ಚೀಟಿಯಲ್ಲಿ ಸಹಿಯ ಜಾಗದಲ್ಲಿ ಶರಣಮ್ಮ ಎಂದು ನನ್ನ ಹೆಸರನ್ನೇ ಬರೆದೆ.

"ಏನವ್ವ ಇದು? ಸೆಟ್ಟರ್ ಸೈನ್ ಮಾಡ್ಬೇಕು" ಎಂದರು ಸೂಪರ್‌ವೈಸರ್.

"ಸೆಟ್ ಮಾಡಿದ್ದು ನಾನು, ಸರ್."

ನಾಗರಾಜ ನೆಲ ನೋಡುತ್ತಾ, "ಹೂಂ ಸಾ, ಅಕ್ಕನೇ ಮಾಡಿದ್ದು" ಎಂದ. ಅವರು ಚೀಟಿ ಹರಿದು ಬಿಸಾಡಿದರು.

ಸೆಟ್ಟರ್ ಜಾಗ ನಮಗೂ ಕೊಡಿ ಎಂದು ಮ್ಯಾನೇಜರಿಗೆ ಅರ್ಜಿ ಬರೆದೆ. ಯಾವ ದಿನ ಯಾರು ಸೆಟ್ ಮಾಡಿದರು, ಯಾರು ಸಹಿ ಹಾಕಿದರು ಎಂದು ಒಂದು ತಿಂಗಳ ವಿವರ ಸೇರಿಸಿದೆ. ಸಾವಿತ್ರಮ್ಮನ ಮೈದುನನೂ ಇದೇ ಕಾರ್ಖಾನೆಯಲ್ಲಿದ್ದಾನೆ, ಸುದ್ದಿ ಅವತ್ತೇ ಮನೆ ಮುಟ್ಟುತ್ತದೆ. ಆದರೂ ಅವರು ನನ್ನ ಹೆಸರಿನ ಕೆಳಗೆ ತಮ್ಮ ಹೆಸರು ಬರೆದರು. ಮ್ಯಾನೇಜರ್ ನನ್ನೊಬ್ಬಳನ್ನೇ ಕರೆದರು. "ಇನ್ನೊಂದ್ ಸೆಟ್ಟರ್ ಪೋಸ್ಟ್ ಮಾಡ್ತೀವಿ, ನಿಂಗೆ ಟೆಸ್ಟ್ ಇಡ್ತೀವಿ. ಸರ್ಟಿಫಿಕೇಟ್ ಐತೆ. ಆಯಮ್ಮಂಗೆ ಆಗಲ್ಲ."

ಆಸೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೂ, "ನಾಗರಾಜನಿಗೂ ಸರ್ಟಿಫಿಕೇಟ್ ಇಲ್ಲ ಸರ್. ಅವನಿಗೆ ಕಲಿಸಿದ್ದು ನಾವಿಬ್ಬರು. ಇಬ್ಬರಿಗೂ ಇಡಿ" ಅಂದೆ. "ನೋಡೋಣ" ಎಂದರು. ತಿಂಗಳಾಯಿತು.

ಅವ್ವನಿಗೆ ಫೋನಿನಲ್ಲಿ ಹೇಳಿದೆ. "ಪರವೂರಾಗ ಹಂಗ ಇರ್ತದ. ಬಂದ್ಬಿಡು" ಅಂದಳು.

"ಹೊರಗಿನಾಕಿ ಅಂತಲ್ಲವ್ವಾ. ಇಲ್ಲೇ ಹುಟ್ಟಿದಾಕಿಗೂ ಕೊಟ್ಟಿಲ್ಲ."

ಅವ್ವ ನಮ್ಮೂರಿನ ಹತ್ತಿ ಮಿಲ್ಲಿನಲ್ಲಿ ಇಪ್ಪತ್ತು ವರ್ಷ ದುಡಿದವಳು. "ನಮ್ಮ ಮಿಲ್ಲಿನ ಮೇಸ್ತ್ರಿಗೆ ಕೆಲಸ ಕಲಿಸಿದಾಕಿ ನಾನ. ಯಾರಿಗೂ ಹೇಳಿಲ್ಲ" ಅಂದಳು. ಬಂದುಬಿಡು ಎಂದು ಮತ್ತೆ ಅನ್ನಲಿಲ್ಲ.

ಹಾಗಾಗಿ ಇಲ್ಲೇ ಇದ್ದೇನೆ. ಇಲ್ಲಿ ಇನ್ನೂ ಹೊರಗಿನವಳು. ಊರಿಗೆ ಹೋದರೂ ಅವ್ವನ ಮಿಲ್ಲಿನ ಕಥೆಯೇ. ದಿನಾ ಬೆಳಿಗ್ಗೆ ಏಳನೇ ಮಷೀನಿನ ಚೀಟಿಯಲ್ಲಿ ನನ್ನ ಹೆಸರು ಬರೆಯುತ್ತೇನೆ. ಈಗ ಎಂಟನೆಯದರಲ್ಲಿ ಸಾವಿತ್ರಮ್ಮನೂ ಬರೆಯುತ್ತಾರೆ. ಸೂಪರ್‌ವೈಸರ್ ಬಂದು ಎರಡನ್ನೂ ಹರಿಯುತ್ತಾರೆ. ಹರಿದ ಚೂರುಗಳನ್ನು ನಾವೇ ಗುಡಿಸುತ್ತೇವೆ.