ಕಾಕೂನ ರೊಟ್ಟಿಗೆ ನನ್ನ ಮಗಳ ಲೆಕ್ಕ

ನನ್ನ ಮಗಳು ನನ್ನ ಜೊತೆ ಕನ್ನಡದಲ್ಲಿ ಮಾತಾಡುವುದಿಲ್ಲ. ನಾನು ಕನ್ನಡದಲ್ಲಿ ಕೇಳುತ್ತೇನೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಈ ಪರದೇಶದಲ್ಲಿ, ಬ್ರ್ಯಾಂಪ್ಟನ್ನಿನ ನಮ್ಮ ಬೀದಿಯ ಎಲ್ಲ ಮನೆಗಳಲ್ಲೂ, ಪಂಜಾಬಿಯಲ್ಲೋ ಗುಜರಾತಿಯಲ್ಲೋ, ಇದೇ ನಡೆಯುತ್ತದೆ ಎಂದು ಸಮಾಧಾನ ಮಾಡಿಕೊಂಡಿದ್ದೆ. ಆ ಸಮಾಧಾನ ಹೋದದ್ದು ಒಂದು ಗಂಟೆಯ ದಾರಿಯಾಚೆಯ ವಿಟ್ಬಿ ಎಂಬ ಊರಿನಲ್ಲಿ, ನನ್ನ ನೆಗೆಣ್ಣಿಯ ಅಡುಗೆಮನೆಯ ಬಾಗಿಲಲ್ಲಿ.

ನೆಗೆಣ್ಣಿ ಎಂದರೆ ನನ್ನ ಮೈದುನನ ಹೆಂಡತಿ. ಬೆಳಗಾವಿ ಕಡೆಯವಳು, ನನಗಿಂತ ತುಂಬ ಚಿಕ್ಕವಳು. ಮಗಳಿಗೆ ಅವಳು ಕಾಕು, ಅಂದರೆ ಚಿಕ್ಕಮ್ಮ. ಜೋಳದ ಖಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿ ಮಾಡಿ ಮಾರುತ್ತಾಳೆ. ಮೊದಮೊದಲು ಪರಿಚಯದವರಿಗಷ್ಟೇ ಕೊಡುತ್ತಿದ್ದಳು. ಆಮೇಲೆ ಕನ್ನಡದವರ ವಾಟ್ಸ್ಯಾಪ್ ಗುಂಪುಗಳಲ್ಲಿ ಅವಳ ರೊಟ್ಟಿಗೆ ಹೆಸರು ಬಂತು. ಗಿರಾಕಿಗಳೆಲ್ಲ ಇರುವುದು ಬ್ರ್ಯಾಂಪ್ಟನ್, ಮಿಸ್ಸಿಸಾಗಾ ಕಡೆ. ಹೀಗಾಗಿ ವಿಟ್ಬಿಯಿಂದ ನಾನೂರ ಒಂದನೇ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಕಾರು ಹೊಡೆದುಕೊಂಡು ಬಂದು ಮನೆಮನೆಗೆ ಹಂಚಿ ಹೋಗುತ್ತಿದ್ದಳು.

ನಾನು ಧಾರವಾಡದ ಪಿಯು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವಳು. ಇಲ್ಲಿ ಮತ್ತೆ ಬೋರ್ಡಿನ ಮುಂದೆ ನಿಲ್ಲಬೇಕಾದರೆ ಓದನ್ನು ಮೊದಲಿನಿಂದ ಶುರು ಮಾಡಬೇಕಿತ್ತು. ಅದು ಆಗಲಿಲ್ಲ. ವೇರ್‌ಹೌಸ್ ಒಂದರ ಆಫೀಸಿನಲ್ಲಿ ಸ್ಟಾಕು ನೋಡಿಕೊಳ್ಳುತ್ತೇನೆ. ಹೋಗಲಿ, ಮನೆಯಲ್ಲಿ ಒಬ್ಬಳು ವಿದ್ಯಾರ್ಥಿನಿ ಬೆಳೆಯುತ್ತಿದ್ದಾಳಲ್ಲ ಎಂದುಕೊಂಡಿದ್ದೆ.

ಅವಳು ಗ್ರೇಡ್ ಒಂಬತ್ತಕ್ಕೆ ಬಂದಾಗ ಸರಳರೇಖೆಯ ಸಮೀಕರಣಗಳು ಬಂದವು. ನನಗೆ ಹಬ್ಬ ಬಂದಷ್ಟು ಸಂತೋಷ. ಊಟದ ಮೇಜಿನ ಮೇಲೆ ಕಾಗದ ಹರಡಿ ಶುರು ಮಾಡಿದೆ. "ವೈ ಈಕ್ವಲ್ಸ್ ಎಂಎಕ್ಸ್ ಪ್ಲಸ್ ಸಿ. ಈಗ ಸಿ ಅಂದ್ರ..."

"ಇಟ್ಸ್ ಬಿ, ಮಮ್ಮಿ."

"ಸಿ ಆದ್ರೇನು, ಬಿ ಆದ್ರೇನು? ಅರ್ಥ ಒಂದ ಅಲ್ಲೇನು?"

"ದೆನ್ ವೈ ಕಾಂಟ್ ಯು ಜಸ್ಟ್ ಸೇ ಬಿ?"

ನಮ್ಮ ಕಡೆಯ ಸಿ ಇಲ್ಲಿಯ ಪುಸ್ತಕಗಳಲ್ಲಿ ಬಿ. ನಾನೂ ಬಿ ಎಂದೆ. ಆದರೆ ಎರಡು ನಿಮಿಷದಲ್ಲಿ ನಾಲಿಗೆ ಮತ್ತೆ ಸಿ ಎಂದುಬಿಟ್ಟಿತು. ಅವಳು ಪುಸ್ತಕ ಎತ್ತಿಕೊಂಡು ತನ್ನ ಕೋಣೆಗೆ ಹೋದಳು. ಅದಾದ ಮೇಲೆ ನಾನು ಪಕ್ಕದಲ್ಲಿ ಕುರ್ಚಿ ಎಳೆದರೆ ಸಾಕು, ಅವಳ ಹೋಮ್‌ವರ್ಕ್ ಮುಗಿದುಬಿಡುತ್ತಿತ್ತು.

ಚಳಿಗಾಲದಲ್ಲಿ ಶಾಲೆಯಲ್ಲಿ ಒಂದು ಪ್ರಾಜೆಕ್ಟ್ ಕೊಟ್ಟರು. ನಿಜವಾದ ಒಂದು ವ್ಯಾಪಾರ ತೆಗೆದುಕೊಂಡು, ಎರಡು ದಾರಿಗಳ ಖರ್ಚನ್ನು ಎರಡು ಗೆರೆಗಳಾಗಿ ಬರೆದು, ಯಾವುದು ಒಳ್ಳೆಯದು ಎಂದು ಸಲಹೆ ಕೊಡಬೇಕು. ಮಗಳು ಕಾಕೂನ ರೊಟ್ಟಿ ಆರಿಸಿಕೊಂಡಳು. ನೆಗೆಣ್ಣಿ ಆಗ ಗಿರಾಕಿಗಳಿಗೆ ಹತ್ತಿರವಾಗಲೆಂದು ನಮ್ಮ ಕಡೆಯ ಮಾಲ್ಟನ್ನಿನಲ್ಲಿ ಒಂದು ಕಿಚನ್ ಬಾಡಿಗೆ ಹಿಡಿಯುವ ಯೋಚನೆಯಲ್ಲಿದ್ದಳು. ನನಗೆ ಈ ವಿಷಯ ತಿಳಿದದ್ದು ನನ್ನ ಗಂಡನಿಂದ. "ಶನಿವಾರ ವಿಟ್ಬಿಗೆ ಬಿಟ್ಟು ಬರಬೇಕಂತ. ನಿನಗ ಹೇಳಿಲ್ಲೇನು?" ಎಂದರು. ಮನೆಯಲ್ಲೇ ಗಣಿತದ ಟೀಚರು ಇರುವಾಗ, ಬಿ.ಎ.ಯಲ್ಲಿ ಗಣಿತದ ಗೊಡವೆಯೇ ಇಲ್ಲದವಳ ಬಳಿಗೆ!

ನಾನೇ ಬಿಡುತ್ತೇನೆ ಎಂದೆ. ಹೋದ ಮೇಲೆ ಮೈದುನನ ಜೊತೆ ಚಹಾ ಕುಡಿದು, ಕಪ್ಪು ಇಡುವ ನೆಪದಲ್ಲಿ ಅಡುಗೆಮನೆಯ ಕಡೆ ನಡೆದೆ. ಒಳಗಿನಿಂದ ದನಿ ಕೇಳಿ ಬಾಗಿಲಲ್ಲೇ ನಿಂತೆ.

"ಕಾಕೂ, ಇಲ್ಲೆ ನೋಡು," ಎನ್ನುತ್ತಿದ್ದಳು ನನ್ನ ಮಗಳು. "ಮನಿಯಾಗ ಮಾಡಿದ್ರ ಬಾಡಿಗಿ ಇಲ್ಲ. ಅದಕ್ಕ ಈ ಲೈನ್ ಝೀರೋದಿಂದ ಶುರು ಆಗ್ತದ. ಆದ್ರ ಎಲ್ಲಾ ಪ್ಯಾಕೆಟ್ ಡ್ರೈವ್ ಮಾಡಿ ಕೊಡಬೇಕು. ಸೋ ಫಾಸ್ಟ್ ಏರ್ತದ."

"ಮಾಲ್ಟನ್ನಾಗ ಕಿಚನ್ ತಗೊಂಡ್ರ?"

"ಅದು ಮ್ಯಾಲಿಂದ ಶುರು. ರೆಂಟ್ ಅದ ಅಲ್ಲಾ, ಒಂದ ಪ್ಯಾಕೆಟ್ ಮಾಡದಿದ್ರೂ ಕೊಡಬೇಕು. ಆದ್ರ ಜನ ತಾವ ಬಂದು ತಗೊಂಡು ಹೋಗ್ತಾರ. ಸೋ ನಿಧಾನ ಏರ್ತದ."

"ಹೌದಾ? ಹಂಗಾದ್ರ ಎರಡೂ ಎಲ್ಲೋ ಕೂಡಬೇಕಲ್ಲಾ?"

"ಎಕ್ಸಾಕ್ಟ್ಲಿ! ಆ ಪಾಯಿಂಟ್ ದಾಟಿ ಆರ್ಡರ್ ಬಂದ್ರ ಕಿಚನ್ ಬೆಸ್ಟ್."

ಕನ್ನಡದಲ್ಲಿ! ಧಾರವಾಡದ ಕನ್ನಡದಲ್ಲಿ, ನನ್ನದೇ ಕನ್ನಡದಲ್ಲಿ, ನನ್ನದೇ ವಿಷಯವನ್ನು, ನಾನು ಎಷ್ಟೋ ತರಗತಿಗಳಲ್ಲಿ ಹೇಳಿದ್ದಕ್ಕಿಂತ ಚೆನ್ನಾಗಿ ನನ್ನ ಮಗಳು ಹೇಳುತ್ತಿದ್ದಳು. ನೆಗೆಣ್ಣಿ ಹಿಟ್ಟಿನ ಕೈಯಲ್ಲೇ ಗಲ್ಲ ಊರಿಕೊಂಡು ಅವಳ ಮುಖವನ್ನೇ ನೋಡುತ್ತಿದ್ದಳು. ಒಳಗೆ ಹೋಗಲಿಲ್ಲ. ಹೋದರೆ ಅವಳು ಇಂಗ್ಲಿಷಿಗೆ ತಿರುಗುತ್ತಾಳೆ ಎಂದು ಗೊತ್ತಿತ್ತು.

ಆಮೇಲೆ ಪ್ರತಿ ಶನಿವಾರ ವಿಟ್ಬಿ. ಕಾರಿನಲ್ಲಿ ಬರುವಾಗ ಹೋಗುವಾಗ ಕಿವಿಗೆ ಹೆಡ್‌ಫೋನು. ಮನೆಯಲ್ಲಿ ಮಾತೆತ್ತಿದರೆ ಕಾಕು ಹಾಗಂದಳು, ಕಾಕು ಹೀಗೆ ನಕ್ಕಳು. ನಾನು ಬೇಕಂತಲೇ ರೊಟ್ಟಿ ಮಾಡುವುದನ್ನು ನಿಲ್ಲಿಸಿ ಚಪಾತಿ ಮಾಡತೊಡಗಿದೆ. ಯಾರೂ ಗಮನಿಸಲಿಲ್ಲ.

ಮಗಳು ಇಲ್ಲದ ಹೊತ್ತಿನಲ್ಲಿ ಅವಳ ಗ್ರಾಫನ್ನು ತೆರೆದು ನೋಡಿದೆ. ತಪ್ಪು ಹುಡುಕಲಿಕ್ಕೇ ನೋಡಿದೆ ಎಂದರೂ ಸರಿ. ಗೆರೆಗಳು ಸರಿಯಾಗಿದ್ದವು. ಆದರೆ ಆರ್ಡರುಗಳ ಲೆಕ್ಕ ತೆಗೆದುಕೊಂಡದ್ದು ನವರಾತ್ರಿಯಿಂದ ಸಂಕ್ರಾಂತಿವರೆಗೆ. ಹಬ್ಬದ ತಿಂಗಳುಗಳು. ಬೇಸಿಗೆಯಲ್ಲಿ ಶಾಲೆಗೆ ರಜೆ ಬಿದ್ದ ಕೂಡಲೇ ಅರ್ಧ ಜನ ಊರಿಗೆ ಹೋಗುತ್ತಾರೆ. ಆಗ ರೊಟ್ಟಿ ಯಾರು ತಿನ್ನುತ್ತಾರೆ? ಮಾಲ್ಟನ್ನಿನ ಬಾಡಿಗೆ ಮಾತ್ರ ತಿಂಗಳು ತಿಂಗಳು ನಿಂತೇ ಇರುತ್ತದೆ.

ಗ್ರಾಫು ಮುಚ್ಚಿಟ್ಟೆ. ಹೇಳಿದರೆ, ಮಗಳ ಕೆಲಸಕ್ಕೆ ಕಲ್ಲು ಹಾಕಿದ ತಾಯಿ ನಾನಾಗುತ್ತೇನೆ. ಹೇಳದಿದ್ದರೆ, ನೆಗೆಣ್ಣಿ ವರ್ಷವಿಡೀ ಕೈ ಸುಟ್ಟುಕೊಳ್ಳುತ್ತಾಳೆ. ಸುಟ್ಟುಕೊಳ್ಳಲಿ ಎಂದು ಮನಸ್ಸಿನ ಒಂದು ಮೂಲೆ ಹೇಳಿತು. ಆಗ ಗೊತ್ತಾಗಲಿ, ಗಣಿತ ಯಾರ ಮನೆಯಲ್ಲಿದೆ ಎಂದು.

ಮುಂದಿನ ಶನಿವಾರ ಬಾಡಿಗೆಯ ಕಾಗದಕ್ಕೆ ಸಹಿ ಹಾಕುವ ಮುಂಚೆ ಕಿಚನ್ ನೋಡೋಣ ಎಂದು ನೆಗೆಣ್ಣಿ ನಮ್ಮನ್ನು ಮಾಲ್ಟನ್ನಿಗೆ ಕರೆದಳು. ಒಂದು ಮಿಠಾಯಿ ಅಂಗಡಿಯ ಹಿಂದೆ, ಉದ್ದನೆಯ ಸ್ಟೀಲಿನ ಕಟ್ಟೆಗಳಿದ್ದ ಕೋಣೆ. ತಲೆಯ ಮೇಲೆ ವಿಮಾನ ಹೋದಾಗಲೆಲ್ಲ ಪಾತ್ರೆಗಳು ಝಣ್ ಎನ್ನುತ್ತಿದ್ದವು. ಮಾಲೀಕರು ವಯಸ್ಸಾದ ಸರ್ದಾರ್ಜಿ. ನೆಗೆಣ್ಣಿ ಕಟ್ಟೆಯ ಮೇಲೆ ಅಂಗೈ ಆಡಿಸುತ್ತ, "ಇಲ್ಲೆ ತಟ್ಟೋದು, ಅಲ್ಲೆ ಬೇಯಿಸೋದು," ಎಂದು ನನ್ನ ಮಗಳಿಗೆ ತೋರಿಸುತ್ತಿದ್ದಳು. ಇಬ್ಬರೂ ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು.

ನನ್ನ ಬಾಯಿಂದ ಮಾತು ಬಂದೇಬಿಟ್ಟಿತು. "ಬ್ಯಾಸಿಗ್ಯಾಗ ಎಷ್ಟು ಪ್ಯಾಕೆಟ್ ಹೋಗ್ತಾವ?"

ನೆಗೆಣ್ಣಿ ತಿರುಗಿದಳು. "ಬ್ಯಾಸಿಗ್ಯಾಗ ಕಡಿಮಿನ ಅಕ್ಕಾ. ಹೋದ ಸಲ ಜುಲೈದಾಗ ಅರ್ಧಕ್ಕರ್ಧ ಇಳಿದಿತ್ತು."

"ಮತ್ತ ಇಕಿ ಗ್ರಾಫಿನಾಗ ಜುಲೈ ಎಲ್ಲೆ ಅದ?"

ಮಗಳ ಮುಖ ಕೆಂಪಾಯಿತು. "ಯು ಆಲ್ವೇಸ್ ಡೂ ದಿಸ್," ಎಂದಳು. ಫೋನು ತೆಗೆದುಕೊಂಡು ಮೂಲೆಯ ಸ್ಟೂಲಿನ ಮೇಲೆ ನಮಗೆ ಬೆನ್ನು ಮಾಡಿ ಕೂತಳು. ನೆಗೆಣ್ಣಿ ನನ್ನನ್ನು ನೋಡಿದಳು, ಅವಳನ್ನು ನೋಡಿದಳು. "ಕೂಸ, ತಪ್ಪಾದ್ರ ತಪ್ಪಾತು. ನಾ ಸಹಿ ಮಾಡಿಲ್ಲಲ್ಲಾ ಇನ್ನಾ," ಎಂದು ಅವಳ ಬೆನ್ನ ಮೇಲೆ ಕೈಯಿಟ್ಟಳು. ಆ ಕೈಯನ್ನು ಅವಳು ಕೊಡವಲಿಲ್ಲ. ನನ್ನ ಕೈಯಾಗಿದ್ದರೆ ಕೊಡವುತ್ತಿದ್ದಳು.

ಮಗಳು ಫೋನಿನಲ್ಲೇ ಮತ್ತೆ ಲೆಕ್ಕ ಹಾಕಿ ಸ್ಟೂಲಿನಿಂದ ಎದ್ದು ಬಂದಳು. ವರ್ಷದ ಲೆಕ್ಕ ಹಿಡಿದರೆ ಕಿಚನ್ ಬೇಡ, ಕಾಕು ಮನೆಯಲ್ಲೇ ಮಾಡಬೇಕು ಎಂದು ಸಪ್ಪೆ ದನಿಯಲ್ಲಿ ಹೇಳಿದಳು. ಇನ್ನೇನು ಹೊರಡಬೇಕು, ಬಾಗಿಲ ಹತ್ತಿರ ತಟ್ಟನೆ ನಿಂತಳು.

"ಕಾಕೂ, ರೆಂಟ್ ತಿಂಗಳಿಗೆ ಯಾಕ? ನೀ ಬಂದ ದಿನಕ್ಕಷ್ಟ ಕೊಟ್ರ? ಆಗ ಅದೂ ಝೀರೋದಿಂದ ಶುರು ಆಗ್ತದ."

ಅದು ನನಗೆ ಹೊಳೆದಿರಲಿಲ್ಲ. ಇದ್ದ ಎರಡು ಗೆರೆಗಳಲ್ಲಿ ತಪ್ಪು ಹುಡುಕುವುದರಲ್ಲೇ ನಾನಿದ್ದೆ. ನೆಗೆಣ್ಣಿ ತನ್ನ ಹರಕು ಹಿಂದಿಯಲ್ಲಿ ಸರ್ದಾರ್ಜಿಯನ್ನು ಕೇಳಿದಳು. ಅವರು ಗಡ್ಡ ನೀವಿಕೊಳ್ಳುತ್ತ ಯೋಚಿಸಿ, ವಾರದ ನಡುವೆ ಕೋಣೆ ಖಾಲಿಯೇ ಇರುತ್ತದೆ, ಶನಿವಾರವೂ ಮಧ್ಯಾಹ್ನದ ಮೇಲೆ ಸಿಗುತ್ತದೆ, ಬಂದ ದಿನಕ್ಕೆ ಕೊಟ್ಟರೆ ಸಾಕು ಎಂದರು. ನೆಗೆಣ್ಣಿ ಮಗಳನ್ನು ಬರಸೆಳೆದು ಹಣೆಗೆ ಮುತ್ತಿಟ್ಟಳು. ನಾನು ಕಾರಿನ ಬೀಗದ ಕೈ ಹಿಡಿದು ನಿಂತಿದ್ದೆ.

ಮನೆಗೆ ಬರುವಾಗ ಹೆಡ್‌ಫೋನು ಅವಳ ಕೊರಳಲ್ಲೇ ಇತ್ತು. ಏರ್‌ಪೋರ್ಟ್ ರೋಡಿನ ಸಿಗ್ನಲಿನಲ್ಲಿ ಧೈರ್ಯ ಮಾಡಿ ಕೇಳಿದೆ. "ಕಾಕೂನ ಜೊತಿ ಕನ್ನಡ ಮಾತಾಡ್ತಿ. ನನ್ನ ಜೊತಿ ಯಾಕ ಇಲ್ಲ?"

ಅವಳು ಕಿಟಕಿಯ ಕಡೆ ನೋಡುತ್ತಿದ್ದಳು. ಆಮೇಲೆ ಕನ್ನಡದಲ್ಲೇ ಹೇಳಿದಳು. "ಕಾಕೂಗ ನಾ ತಪ್ಪು ಮಾತಾಡಿದ್ರ ಗೊತ್ತಾದ್ರೂ ಸುಮ್ಮನ ಇರ್ತಾಳ. ನೀ ಕರೆಕ್ಟ್ ಮಾಡ್ತಿ."

ಹಿಂದಿನ ಕಾರು ಹಾರ್ನ್ ಹೊಡೆಯಿತು. ನಾನು ಗಾಡಿ ಮುಂದೆ ಬಿಟ್ಟೆ. ಆ ವಾಕ್ಯವನ್ನೂ ತಿದ್ದುವ ಚಪಲ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಪ್ರಾಜೆಕ್ಟಿಗೆ ಒಳ್ಳೆಯ ಅಂಕ ಬಂತು. ರೊಟ್ಟಿಯ ವ್ಯಾಪಾರವೂ ಬೇಸಿಗೆ ದಾಟಿತು. ಆರ್ಡರ್ ಇಲ್ಲದ ವಾರಗಳಲ್ಲಿ ಕಾಕು ಮಾಲ್ಟನ್ನಿಗೆ ಬರಲೇ ಇಲ್ಲ, ಬಾಡಿಗೆಯೂ ಇಲ್ಲ. ಈಗ ಶನಿವಾರ ಮಧ್ಯಾಹ್ನ ಮಗಳು ಅಲ್ಲಿಗೆ ಹೋಗಿ ಪ್ಯಾಕೆಟ್ ಕಟ್ಟುತ್ತಾಳೆ. ನಾನು ಬಿಡುತ್ತೇನೆ. ಕಾರು ನಿಲ್ಲುವ ಮುಂಚೆಯೇ ಅವಳು ಬೆಲ್ಟು ಬಿಚ್ಚಿರುತ್ತಾಳೆ. ಆ ಅವಸರ ನೋಡಿದರೆ ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹೋದ ವಾರ ನೆಗೆಣ್ಣಿ ಹೊರಗೆ ಬಂದು, "ಅಕ್ಕಾ, ಬರೇ ಬಿಟ್ಟು ಹೋಗ್ತೀರಲ್ಲಾ, ಒಳಗ ಬರ್ರಿ. ಇವತ್ತ ಕೈ ಸಾಲವಲ್ಲವು," ಎಂದಳು. ಹೋದೆ. ಮಗಳು ನನಗೊಂದು ಟೋಪಿ ಕೊಟ್ಟು, ಪ್ಯಾಕೆಟಿಗೆ ಹೇಗೆ ಬಿಸಿಯೊತ್ತಿ ಮುಚ್ಚಬೇಕೆಂದು ಇಂಗ್ಲಿಷಿನಲ್ಲೇ ತೋರಿಸಿದಳು. ನಾನು ಮಾಡಿದ ಮೊದಲನೆಯದು ಬಾಯಿ ಬಿಟ್ಟುಕೊಂಡಿತು. ಅವಳು ಅದನ್ನು ಕೈಗೆತ್ತಿಕೊಂಡು ನೋಡಿದಳು. ಏನೂ ಅನ್ನದೆ ಪಕ್ಕಕ್ಕಿಟ್ಟು, ಇನ್ನೊಂದನ್ನು ನನ್ನ ಮುಂದೆ ಸರಿಸಿದಳು.