ಹಲ್ಲುನೋವಿಗೆ ಕಾಲಿಗೆ ಪಟ್ಟಿ

ಹಲ್ಲುನೋವೆಂದು ಬಂದವಳ ಕಾಲಿಗೆ ಪಟ್ಟಿ ಕಟ್ಟಿದ್ದನ್ನು ಎಲ್ಲಾದರೂ ಕಂಡಿದ್ದೀರಾ ಮಕ್ಕಳೇ? ಹೋದ ವಾರ ಬೆಳಗಾವಿಯ ಹೆಣ್ಣುಮಕ್ಕಳ ದವಾಖಾನೆಯಲ್ಲಿ ನಾನು ಕಂಡೆ.

ನಾನೇಕೆ ಅಲ್ಲಿಗೆ ಹೋದೆ? ನಿಮ್ಮ ಪದ್ಮಕ್ಕನಿಗಾಗಿ. ಖಾನಾಪುರದಲ್ಲಿರುವ ನನ್ನ ತಮ್ಮ ಪಾಯಪ್ಪನ ಮಗಳು, ನಮ್ಮ ಮನೆಯಲ್ಲಿದ್ದು ಹೈಸ್ಕೂಲಿಗೆ ಹೋಗುವವಳು. ನರ್ಸ್ ಕೆಲಸ ಕಲಿಯಬೇಕೆಂದು ವರ್ಷದಿಂದ ಅವಳ ಹಟ. ನಮ್ಮವರಲ್ಲಿ ಆ ಕೆಲಸಕ್ಕೆ ಯಾವ ಹುಡುಗಿಯೂ ಹೋದದ್ದಿಲ್ಲ. (ಹೈಸ್ಕೂಲಿಗೇ ಇವಳು ಮೊದಲನೆಯವಳು.) ಕಡೆಗೆ ಪಾಯಪ್ಪ ಒಂದು ಸಲ ಕೇಳಿ ನೋಡಲು ಒಪ್ಪಿದ. ದವಾಖಾನೆಯ ಡಾಕ್ಟರಬಾಯಿ ಬೇಡವೆಂದರೆ ಅದೇ ಸಂಜೆಯ ರೈಲಿಗೆ ಖಾನಾಪುರ, ಮುಂದೆ ಮದುವೆ.

ಹುಡುಗಿಯ ಪರವಾಗಿ ನಾಲ್ಕು ಮಾತು ಹೇಳುವುದು ನನ್ನ ಕೆಲಸ. ನಾನೋ, ಹಲಸಿಯ ಸಾಲೆಯಲ್ಲಿ ಮಾಸ್ತರರು ಹೆಸರು ಕೇಳಿದರೂ ನೆಲ ನೋಡುತ್ತಿದ್ದವಳು. ಟಾಂಗಾದಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಡಾಕ್ಟರಬಾಯಿಯ ಕನ್ನಡಕ ಕಂಡದ್ದೇ ನಾಲ್ಕೂ ಮರೆತುಹೋದವು.

ಅವರು ಬಳ್ಳಾರಿ ಕಡೆಯವರು, ಊರಿಗೆ ಹೊಸಬರು. ಔಷಧದ ಬಾಟಲಿ ಕೊಟ್ಟು ಅದರ ಮೇಲಿನ ಇಂಗ್ಲಿಷ್ ಓದು ಎಂದರು. ಪದ್ಮಾ ಎರಡು ಸಾಲು ಸಲೀಸಾಗಿ ಓದಿ, ಮೂರನೆಯದರಲ್ಲಿ ಮಾರುದ್ದದ ಒಂದು ಶಬ್ದಕ್ಕೆ ಸಿಕ್ಕಿಕೊಂಡಳು. ಇನ್ನೊಂದು ವರ್ಷ ಓದಿ ಬಾ ಎಂದರು. ಪಾಯಪ್ಪ ತಲೆಯ ಪಟಕಾ ಸರಿಮಾಡಿಕೊಂಡು ಎದ್ದೇಬಿಟ್ಟ. ಇನ್ನೊಂದು ವರ್ಷ ಎಲ್ಲಿಯದು?

ಹೊರಗೆ ಪಡಸಾಲೆಯಲ್ಲಿ ಮೋರೆ ತುಂಬ ಸೆರಗು ಹೊದ್ದ ಹೆಂಗಸೊಬ್ಬಳು ಕೂತಿದ್ದಳು. ಖಾನಾಪುರದ ಕಾಡಿನ ಕಡೆಯವಳು, ಮರಾಠಿಯವಳು. ಡಾಕ್ಟರಬಾಯಿಯ ಜೊತೆ ಬಳ್ಳಾರಿಯಿಂದಲೇ ಬಂದ ನರ್ಸು ಅವಳ ಮೊಣಕಾಲಿಗೆ ಎಣ್ಣೆ ತಿಕ್ಕಿ ಪಟ್ಟಿ ಸುತ್ತುತ್ತಿದ್ದಳು. ಹೆಂಗಸು ಹೆಚ್ಚು ಮಾತಾಡಲಾರದೆ “ಕಾಲಪಾಸೂನ, ಕಾಲಪಾಸೂನ” ಎಂದು ನರಳುತ್ತಿದ್ದಳು. ಅವಳು ಅಂದಷ್ಟೂ ನರ್ಸು ಪಟ್ಟಿ ಬಿಗಿಮಾಡುತ್ತಿದ್ದಳು.

ಪದ್ಮಾ ನಿಂತಳು. “ಅಕ್ಕಾರ, ಕಾಲು ಬಿಡ್ರಿ. ಮರಾಠಿ ಒಳಗ ಕಾಲ ಅಂದ್ರ ನಿನ್ನಿ. ನಿನ್ನಿಯಿಂದ ಬ್ಯಾನಿ ಐತಿ ಅಂತಾರ್ರಿ ಅವರು.”

ಎಲ್ಲಿ ನೋವು ಎಂದು ಮರಾಠಿಯಲ್ಲಿ ಕೇಳಿ, ಮೆಲ್ಲಗೆ ಸೆರಗು ಸರಿಸಿದಳು. ಕೆನ್ನೆ ಉಂಡಿಯಂತೆ ಊದಿತ್ತು. ಹಲ್ಲು.

ಮತ್ತೆ ಕಾಲು ಯಾಕೆ ಕೊಟ್ಟಿ ಎಂದು ಕೇಳಿದರೆ, ದವಾಖಾನೆಯವರು ತಿಳಿದವರು, ಕಾಲಿನಿಂದ ಶುರುಮಾಡಿ ಮೇಲೆ ಬರುತ್ತಾರೇನೋ ಎಂದುಕೊಂಡಿದ್ದಳಂತೆ. (ನಗಬೇಡಿ. ನಾನಾಗಿದ್ದರೂ ಸುಮ್ಮನೆ ಕಾಲು ನೀಡುತ್ತಿದ್ದೆ.)

ಬಾಗಿಲಲ್ಲಿ ನಿಂತಿದ್ದ ಡಾಕ್ಟರಬಾಯಿ ನಕ್ಕುಬಿಟ್ಟರು. ಆ ಉದ್ದನೆಯ ಶಬ್ದ ನಾನೇ ಕಲಿಸುತ್ತೇನೆ, ಸೋಮವಾರದಿಂದ ಇಲ್ಲೇ ಇದ್ದು ಕೆಲಸ ಕಲಿಯಲಿ ಎಂದರು.

ಪಾಯಪ್ಪ ಸುಮ್ಮನಿರಬೇಕಲ್ಲ? “ನಾವು ಜೈನರ್ರಿ ಬಾಯಾರ. ಹೊತ್ತು ಮುಳುಗಿದ ಮ್ಯಾಲ ಉಣ್ಣೂದಿಲ್ಲ. ಹುಡುಗಿ ದಿನಾ ಉಪಾಸ ಇರಬೇಕೇನ್ರಿ?”

ಡಾಕ್ಟರಬಾಯಿ ಗಡಿಯಾರ ನೋಡಿದರು. ಅಲ್ಲಿ ಊಟಕ್ಕೆ ಬಡಿಸುವುದೇ ರಾತ್ರಿ ಎಂಟಕ್ಕಂತೆ. ಪದ್ಮಾ ನನ್ನ ಮುಖ ನೋಡಿದಳು.

ಬಾಯಿಪಾಠದ ನಾಲ್ಕು ಮಾತು ಆಗಲೂ ನೆನಪಾಗಲಿಲ್ಲ. ಐದನೆಯದೊಂದು ತಾನಾಗಿ ಬಂತು.

“ಹೊತ್ತು ಮುಳುಗೂದರಾಗ ಡಬ್ಬಿ ನಾ ತರ್ತೀನ್ರಿ. ದಿನಾ.”

“ಅಕ್ಕಾ, ನಿನಗ ಮಾತ ಬರ್ತಾವೇನ?” ಎಂದ ಪಾಯಪ್ಪ. ಆ ಬೆರಗಿನಲ್ಲಿ ಬೇಡವೆನ್ನುವುದನ್ನೇ ಮರೆತ.

ಡಬ್ಬಿ ಹಿಡಿದು ಹೋಗಲಾರಂಭಿಸಿ ಇಂದಿಗೆ ಮೂರು ದಿನ. ಪದ್ಮಾ ದವಾಖಾನೆಯ ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿನ್ನುತ್ತ ಆ ಉದ್ದನೆಯ ಶಬ್ದ ಹೇಳುತ್ತಾಳೆ, ನನ್ನಿಂದಲೂ ಹೇಳಿಸುತ್ತಾಳೆ. (ಇಬ್ಬರಿಗೂ ಇನ್ನೂ ಬಂದಿಲ್ಲ.) ಬಾರದೆ ಎಲ್ಲಿಗೆ ಹೋದೀತು? ಆದರೆ ಖಾನಾಪುರದವರ ಮಾತು ತಿಳಿಯುವ ಹುಡುಗಿ ದವಾಖಾನೆಯಲ್ಲಿ ಇಲ್ಲದಿದ್ದರೆ, ಹಲ್ಲುನೋವಿನ ಪಟ್ಟಿ ಕಾಲಿಗೇ ಬೀಳುತ್ತದಲ್ಲವೇ?